ಹತ್ತು ಡಿಗ್ರಿ ನಿಜಕ್ಕೂ ಇಳಿಯಿತೆ? ಕಂಪ್ಯೂಟರ್ ತಣಿಸುವ ಸಲಹೆಗಳ ಒಂದು ವಿಮರ್ಶೆ

"ಹೊಸ ಫ್ಯಾನ್ ಹಾಕಿದೆ, ಹತ್ತು ಡಿಗ್ರಿ ಇಳಿಯಿತು." ಮನೆಯ ಕಂಪ್ಯೂಟರಿನ ವೇಗವನ್ನು ಕೈಯಾರೆ ಏರಿಸಿಕೊಂಡಿರುವ ಹುಡುಗರನ್ನು ಮಾತನಾಡಿಸಿ ನೋಡಿ. ಈ ವಾಕ್ಯ ನಿಮಗೆ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತದೆ. ಕಂಪ್ಯೂಟರ್ ಪತ್ರಿಕೆಗಳ ಸಲಹೆಯ ಪುಟಗಳಲ್ಲಿ, ಬಿಡಿಭಾಗ ಮಾರುವ ಅಂಗಡಿಗಳಲ್ಲಿ, ಗೆಳೆಯರ ಹರಟೆಯಲ್ಲಿ ಎಲ್ಲೆಡೆ ಇಂಥವೇ ಮಾತುಗಳು. ಕ್ಯಾಬಿನೆಟ್ಟಿಗೆ ಇನ್ನೆರಡು ಫ್ಯಾನ್ ಸೇರಿಸಿ. ಬಿಸಿ ಗಾಳಿ ಮೇಲೇರುತ್ತದೆ, ಆದ್ದರಿಂದ ಒಂದನ್ನು ಮೇಲ್ಭಾಗದಲ್ಲಿ ಇಡಿ. ಬದಿಯ ಮುಚ್ಚಳ ತೆಗೆದುಬಿಡಿ. ದುಬಾರಿ ಪೇಸ್ಟ್ ಹಚ್ಚಿ. ಬಹುಕಾಲದಿಂದ ಹೆಚ್ಚುಕಡಿಮೆ ಇದೇ ಪಟ್ಟಿ ಕೈಯಿಂದ ಕೈಗೆ ಸಾಗಿ ಬಂದಿದೆ.

ಪುಸ್ತಕವೊಂದನ್ನು ವಿಮರ್ಶಿಸುವಂತೆ ಈ ಸಲಹೆಗಳ ಪಟ್ಟಿಯನ್ನೂ ವಿಮರ್ಶೆಗೆ ಒಡ್ಡಬೇಕು ಎಂದು ನನಗೆ ಅನ್ನಿಸಿದೆ. ಏಕೆಂದರೆ ಇವುಗಳನ್ನು ನಂಬಿ ಹಣ ಹಾಕುವವರಲ್ಲಿ ಹಲವರು ನಮ್ಮ ಪಿಯುಸಿ, ಬಿ.ಎಸ್‌ಸಿ., ಎಂಜಿನಿಯರಿಂಗ್ ವಿದ್ಯಾರ್ಥಿಗಳೇ. ಉಷ್ಣದ ಪಾಠವನ್ನು ಅವರು ತರಗತಿಯಲ್ಲಿ ಓದುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚುವಾಗ ಮಾತ್ರ ಅದನ್ನು ಮರೆಯುತ್ತಾರೆ. ತಪ್ಪು ಅವರದಷ್ಟೇ ಅಲ್ಲ, ನನ್ನದೂ ಇದೆ. ಅದರಿಂದಲೇ ಆರಂಭಿಸುತ್ತೇನೆ.

ಯಾವುದಕ್ಕಿಂತ ಹತ್ತು ಡಿಗ್ರಿ?

2018ರ ಆಗಸ್ಟ್ ತಿಂಗಳಲ್ಲಿ ನಮ್ಮ ಕಾಲೇಜಿನಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆಯಿತು. ತೀರ್ಪುಗಾರರಲ್ಲಿ ನಾನೂ ಒಬ್ಬ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಕಂಪ್ಯೂಟರನ್ನೇ ತಂದಿಟ್ಟಿದ್ದ. ಪ್ರೊಸೆಸರಿನ ವೇಗ ಏರಿಸಿ, ಮೂರು ಹೊಸ ಫ್ಯಾನ್ ಜೋಡಿಸಿ, ಫ್ಯಾನ್‌ಗಳಿಗೆ ಮೊದಲು 78 ಡಿಗ್ರಿ ಸೆಲ್ಸಿಯಸ್, ಅನಂತರ 68 ಡಿಗ್ರಿ ಎಂದು ಅಂದವಾದ ನಕ್ಷೆ ಬರೆದಿದ್ದ. ಕೆಲಸ ಅಚ್ಚುಕಟ್ಟಾಗಿತ್ತು, ವಿವರಣೆ ನಿರರ್ಗಳವಾಗಿತ್ತು. ಮೊದಲ ಬಹುಮಾನ ಕೊಟ್ಟೆವು.

ಮರುವಾರ ಪ್ರಯೋಗಾಲಯದಲ್ಲಿ ಎರಡನೆಯ ವರ್ಷದ ಹುಡುಗಿಯೊಬ್ಬಳು ಬಂದು ಕೇಳಿದಳು: "ಸರ್, ಮೊದಲ ಅಳತೆ ಯಾವತ್ತು ಮಾಡಿದ್ದು?" ವಿಚಾರಿಸಿದಾಗ ತಿಳಿದದ್ದು ಇಷ್ಟು: ಮೊದಲ ಅಳತೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಎರಡನೆಯದು ಜುಲೈ ಕೊನೆಯಲ್ಲಿ, ಹೊರಗೆ ಮಳೆ ಹಿಡಿದಿದ್ದಾಗ. ಕೋಣೆಯ ತಾಪವನ್ನು ಎರಡು ಸಲವೂ ಬರೆದಿಟ್ಟಿರಲಿಲ್ಲ. ಇಬ್ಬರನ್ನೂ ಕೂರಿಸಿಕೊಂಡು ಒಂದೇ ದಿನ, ಒಂದೇ ಕೋಣೆಯಲ್ಲಿ, ಫ್ಯಾನ್‌ಗಳನ್ನು ಹಾಕಿ ಮತ್ತು ತೆಗೆದು ಅಳೆದೆವು. ಸಿಕ್ಕ ವ್ಯತ್ಯಾಸ 2 ಡಿಗ್ರಿ. ಉಳಿದ 8 ಡಿಗ್ರಿ ಮಳೆಗಾಲದ ಕೊಡುಗೆ!

ಆ ಪ್ರಶ್ನೆಯನ್ನು ಕೇಳಬೇಕಾಗಿದ್ದವನು ನಾನು. ಬಿಸಿಯಾದ ವಸ್ತು ತನ್ನ ಸುತ್ತಿನ ತಾಪಕ್ಕಿಂತ ಎಷ್ಟು ಹೆಚ್ಚು ತಾಪದಲ್ಲಿದೆ ಎಂಬುದನ್ನು ಆಧರಿಸಿ ಉಷ್ಣ ಕಳೆದುಕೊಳ್ಳುತ್ತದೆ ಎಂದು ನ್ಯೂಟನ್ನನ ನಿಯಮವನ್ನು ವರ್ಷವರ್ಷವೂ ಪಾಠ ಮಾಡುವವನು. ಚಿಪ್ಪಿನ ತಾಪ ಎಂಬ ಸಂಖ್ಯೆಗೆ ಅದೊಂದರಿಂದಲೇ ಹೆಚ್ಚಿನ ಅರ್ಥವಿಲ್ಲ. ಕೋಣೆಗಿಂತ ಎಷ್ಟು ಮೇಲೆ, ಎಷ್ಟು ವಾಟ್ ಉಷ್ಣ ಹುಟ್ಟುತ್ತಿರುವಾಗ ಎಂಬ ಎರಡು ಮಾಹಿತಿ ಜೊತೆಗಿದ್ದರೆ ಮಾತ್ರ ಅದು ಅಳತೆ. ಕೋಣೆ 27 ಡಿಗ್ರಿಯಿಂದ 36ಕ್ಕೆ ಏರಿದರೆ, ಅದೇ ಕೆಲಸ ಮಾಡುತ್ತಿರುವ ಚಿಪ್ಪೂ ಸುಮಾರು 9 ಡಿಗ್ರಿ ಏರುತ್ತದೆ. ಮೈಸೂರಿನ ಡಿಸೆಂಬರಿನಲ್ಲಿ ಸಿಕ್ಕ ಸಂಖ್ಯೆಯನ್ನು ಕಲಬುರಗಿಯ ಮೇ ತಿಂಗಳಿಗೆ ಒಯ್ಯಲಾಗದು.

ಎಂಜಿನಿಯರುಗಳು ಹೀಗೆ ಎಡವುವುದಿಲ್ಲ ಎಂಬುದನ್ನು ಗಮನಿಸಿ. 2000ರ ದಶಕದಲ್ಲಿ ಇಂಟೆಲ್ ಸಂಸ್ಥೆ ಕ್ಯಾಬಿನೆಟ್ ತಯಾರಕರಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಕೋಣೆ 35 ಡಿಗ್ರಿ ಇರುವಾಗ ಪ್ರೊಸೆಸರಿನ ಫ್ಯಾನಿಗೆ ಬರುವ ಗಾಳಿ 38 ಡಿಗ್ರಿ ಮೀರಬಾರದು ಎಂದಿತ್ತು. ಎರಡು ಸಂಖ್ಯೆಗಳೂ ಜೊತೆಗಿವೆ. ಜನಪ್ರಿಯ ಸಲಹೆಗಳಲ್ಲಿ ಮೊದಲನೆಯದು ಕಾಣೆಯಾಗುತ್ತದೆ. ಈ ಪಟ್ಟಿಯ ಮೇಲೆ ನನ್ನ ಮೊದಲ ಮತ್ತು ಮುಖ್ಯ ಆಕ್ಷೇಪ ಇದೇ.

ವೇಗ ಏರಿಸಿದರೆ ಉಷ್ಣ ಎಷ್ಟು?

ಪ್ರೊಸೆಸರ್ ಒಂದು ಮಿಡಿತಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ತಯಾರಕರು ನಿಗದಿ ಮಾಡಿದ್ದಕ್ಕಿಂತ ಆ ಮಿಡಿತದ ಆವೃತ್ತಿಯನ್ನು ಹೆಚ್ಚಿಸುವುದೇ ಓವರ್‌ಕ್ಲಾಕಿಂಗ್. ಈ ಹವ್ಯಾಸಕ್ಕೆ ದೊಡ್ಡ ಹೆಸರು ತಂದದ್ದು 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್. ಮದರ್‌ಬೋರ್ಡಿನ ಬಸ್ ಆವೃತ್ತಿಯನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ 300 ಮೆಗಾಹರ್ಟ್ಸ್‌ನ ಈ ಚಿಪ್ 450ರಲ್ಲಿ ಓಡುತ್ತಿತ್ತು. ಅನೇಕರು ವೋಲ್ಟೇಜನ್ನು ಮುಟ್ಟದೆಯೇ ಈ ವೇಗ ಪಡೆದರು. ಅರ್ಧದಷ್ಟು ಹೆಚ್ಚಿನ ವೇಗ ಬಿಟ್ಟಿಯಾಗಿ ಸಿಕ್ಕ ಹಾಗೆ. 'ವೇಗ ಏರಿಸಿ, ಒಂದು ಫ್ಯಾನ್ ಸೇರಿಸಿ' ಎಂಬ ಸಲಹೆಗೆ ಬೆಲೆ ಇದ್ದದ್ದು ಆ ಕಾಲದಲ್ಲಿ.

ವೋಲ್ಟೇಜ್ ಏರಿಸಲೇಬೇಕಾದಾಗ ಲೆಕ್ಕವೇ ಬೇರೆಯಾಗುತ್ತದೆ. ಚಿಪ್ಪಿನಲ್ಲಿರುವ ಪ್ರತಿ ಟ್ರಾನ್ಸಿಸ್ಟರನ್ನೂ ಒಂದು ಪುಟ್ಟ ಧಾರಕವೆಂದು ಭಾವಿಸಿ. ಅದನ್ನು ತುಂಬಿ ಬರಿದು ಮಾಡುವ ಪ್ರತಿಸಲವೂ ವ್ಯಯವಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸೆಕೆಂಡಿಗೆ ಎಷ್ಟು ಸಲ ಎಂಬುದು ಆವೃತ್ತಿ. ಆದ್ದರಿಂದ ಹುಟ್ಟುವ ಉಷ್ಣ, ವೋಲ್ಟೇಜಿನ ವರ್ಗ ಮತ್ತು ಆವೃತ್ತಿಯ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ವೇಗವನ್ನು ಶೇಕಡ 20 ಏರಿಸಲು ವೋಲ್ಟೇಜನ್ನು ಶೇಕಡ 10 ಏರಿಸಬೇಕಾಯಿತು ಎನ್ನಿ. 1.1ರ ವರ್ಗ 1.21, ಅದನ್ನು 1.2ರಿಂದ ಗುಣಿಸಿದರೆ 1.45. ಅಂದರೆ ವೇಗದಲ್ಲಿ ಶೇಕಡ 20 ಗಳಿಕೆಗೆ ಉಷ್ಣದಲ್ಲಿ ಶೇಕಡ 45 ತೆರಿಗೆ! 100 ವಾಟ್‌ನ ಚಿಪ್ 145 ವಾಟ್‌ನದಾಯಿತು. ಟ್ರಾನ್ಸಿಸ್ಟರುಗಳಲ್ಲಿ ಸೋರುವ ವಿದ್ಯುತ್ತು ತಾಪದೊಂದಿಗೆ ಹೆಚ್ಚುವುದರಿಂದ ನಿಜವಾದ ಏರಿಕೆ ಇನ್ನೂ ತುಸು ಹೆಚ್ಚೇ ಇರುತ್ತದೆ.

ಸಲಹೆಯ ಪಟ್ಟಿಗಳು ಈ ಲೆಕ್ಕವನ್ನು ಹೇಳದೆ ನೇರವಾಗಿ ಫ್ಯಾನಿಗೆ ಬರುತ್ತವೆ. ರೋಗದ ಮೂಲ ಬಿಟ್ಟು ಜ್ವರಕ್ಕೆ ಮಾತ್ರ ಮಾತ್ರೆ ಕೊಟ್ಟಂತೆ.

ಸರಣಿಯಲ್ಲಿರುವ ರೋಧಗಳು

ಚಿಪ್ಪಿನಲ್ಲಿ ಹುಟ್ಟಿದ ಉಷ್ಣ ಕೋಣೆ ಸೇರಬೇಕಾದರೆ ಹಲವು ಮನೆಗಳನ್ನು ದಾಟಬೇಕು: ಚಿಪ್ಪಿನಿಂದ ಅದರ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಪೇಸ್ಟ್ ಮೂಲಕ ಹೀಟ್ ಸಿಂಕಿಗೆ, ಹೀಟ್ ಸಿಂಕಿನ ರೆಕ್ಕೆಗಳಿಂದ ಕ್ಯಾಬಿನೆಟ್ಟಿನ ಗಾಳಿಗೆ, ಆ ಗಾಳಿಯ ಜೊತೆಗೆ ಕೋಣೆಗೆ. ಓಮ್‌ನ ನಿಯಮ ಬಲ್ಲವರಿಗೆ ಇದು ಸರಣಿಯಲ್ಲಿ ಜೋಡಿಸಿದ ರೋಧಗಳಂತೆ ಕಂಡೀತು. ವಿದ್ಯುತ್ ಪ್ರವಾಹದ ಬದಲು ವಾಟ್, ವಿಭವಾಂತರದ ಬದಲು ತಾಪಾಂತರ. ವಾಟ್ ಒಂದಕ್ಕೆ ಎಷ್ಟು ಡಿಗ್ರಿ ಎಂಬುದು ಉಷ್ಣರೋಧ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮ 145 ವಾಟ್ ಚಿಪ್ಪಿಗೆ ಮುಚ್ಚಳದವರೆಗಿನ ರೋಧ ವಾಟ್‌ಗೆ 0.10 ಡಿಗ್ರಿ, ಪೇಸ್ಟ್‌ನದು 0.02, ಹೀಟ್ ಸಿಂಕಿನದು 0.20 ಎಂದಿಟ್ಟುಕೊಳ್ಳಿ. ತಾಪದ ಇಳಿತಗಳು ಅನುಕ್ರಮವಾಗಿ 14.5, 3 ಮತ್ತು 29 ಡಿಗ್ರಿ. ಕ್ಯಾಬಿನೆಟ್ಟಿನ ಗಾಳಿ ಕೋಣೆಗಿಂತ 10 ಡಿಗ್ರಿ ಹೆಚ್ಚು ಬಿಸಿ ಎನ್ನಿ. ಒಟ್ಟು 56.5 ಡಿಗ್ರಿ. ಕೋಣೆ 30 ಡಿಗ್ರಿ ಇದ್ದರೆ ಚಿಪ್ 86.5 ಡಿಗ್ರಿ.

ಈಗ ಕ್ಯಾಬಿನೆಟ್ ಫ್ಯಾನ್‌ಗಳು ಈ ಸರಣಿಯಲ್ಲಿ ಮುಖ್ಯವಾಗಿ ಯಾವ ಭಾಗವನ್ನು ಮುಟ್ಟುತ್ತವೆ? ಕೊನೆಯ 10 ಡಿಗ್ರಿಯನ್ನು. ಎಷ್ಟೇ ಫ್ಯಾನ್ ಹಾಕಿದರೂ ಅದರಲ್ಲಿ ಒಂದು ಪಾಲು ಮಾತ್ರ ಇಳಿದೀತು. ಇನ್ನೊಂದು ಕಡೆ, ಏರಿಸಿದ ವೇಗವನ್ನು ಮೊದಲಿನ ಮಟ್ಟಕ್ಕೆ ತಂದರೆ ಚಿಪ್ 100 ವಾಟ್‌ಗೆ ಮರಳುತ್ತದೆ. ಮೊದಲ ಮೂರು ರೋಧಗಳ ಮೊತ್ತ 0.32, ಇಳಿತ 46ರ ಬದಲು 32 ಡಿಗ್ರಿ. ಒಂದು ರೂಪಾಯಿ ಖರ್ಚಿಲ್ಲದೆ 14 ಡಿಗ್ರಿ ಉಳಿಯಿತು. ಮೂರು ಫ್ಯಾನ್ ಸೇರಿಯೂ ಇಷ್ಟನ್ನು ಕೊಡಲಾರವು.

ಸರಣಿಯಲ್ಲಿ ಅತಿ ದೊಡ್ಡ ರೋಧ ಯಾವುದೋ ಅದನ್ನು ಮೊದಲು ನೋಡಬೇಕು. ಇದು ವಿದ್ಯುತ್ ಮಂಡಲಕ್ಕೂ ನಿಜ, ಉಷ್ಣದ ದಾರಿಗೂ ನಿಜ. ನಮ್ಮ ಉದಾಹರಣೆಯಲ್ಲಿ ಅದು ಹೀಟ್ ಸಿಂಕ್. ಹಣ ಹಾಕುವುದೇ ಆದರೆ ಅಲ್ಲಿಗೆ ಹಾಕಬೇಕು.

ಎಷ್ಟು ಗಾಳಿ ಸಾಕು?

'ಹೆಚ್ಚು ಫ್ಯಾನ್, ಹೆಚ್ಚು ತಂಪು' ಎಂಬ ಮಾತನ್ನು ಸಂಖ್ಯೆಗಳ ಮುಂದೆ ನಿಲ್ಲಿಸೋಣ. ಒಂದು ಘನ ಮೀಟರ್ ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 1150 ಜೂಲ್ ಬೇಕು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಉಳಿದ ಭಾಗಗಳು ಸೇರಿ ಇಡೀ ಕ್ಯಾಬಿನೆಟ್ 300 ವಾಟ್ ಉಷ್ಣ ಹೊರಹಾಕುತ್ತಿದ್ದರೆ, ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಲು ಸೆಕೆಂಡಿಗೆ 0.026 ಘನ ಮೀಟರ್, ಅಂದರೆ 26 ಲೀಟರ್ ಗಾಳಿ ಹರಿಯಬೇಕು. ಫ್ಯಾನಿನ ಪೆಟ್ಟಿಗೆಗಳ ಭಾಷೆಯಲ್ಲಿ ನಿಮಿಷಕ್ಕೆ ಸುಮಾರು 55 ಘನ ಅಡಿ.

ಗಾಳಿಯನ್ನು ಇಮ್ಮಡಿ ಮಾಡಿದರೆ 10 ಡಿಗ್ರಿ 5 ಆಗುತ್ತದೆ. ಮತ್ತೆ ಇಮ್ಮಡಿ ಮಾಡಿದರೆ 2.5. ಮೊದಲ ಹೆಜ್ಜೆಯ ಲಾಭ 5 ಡಿಗ್ರಿ, ಎರಡನೆಯದಕ್ಕೆ ಎರಡರಷ್ಟು ಹೆಚ್ಚುವರಿ ಗಾಳಿ ಬೇಕಾದರೂ ಲಾಭ 2.5 ಮಾತ್ರ. ಹೀಗೆ ಪ್ರತಿ ಫ್ಯಾನ್ ತನ್ನ ಹಿಂದಿನದಕ್ಕಿಂತ ಕಡಿಮೆ ಕೊಡುತ್ತದೆ.

ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನೂ ಹಾಗೇ ನಂಬುವಂತಿಲ್ಲ. ಅದು ಯಾವ ಅಡ್ಡಿಯೂ ಇಲ್ಲದೆ ಬಯಲಲ್ಲಿ ತಿರುಗುವ ಫ್ಯಾನಿನದು. ಜಾಲರಿ, ದೂಳು ತಡೆಯುವ ಪರದೆ, ವೈರುಗಳ ಗೋಜಲು ಇವೆಲ್ಲ ಎದುರಾದಾಗ ಹರಿವು ಗಣನೀಯವಾಗಿ ತಗ್ಗುತ್ತದೆ. ಅಡ್ಡಿಯ ವಿರುದ್ಧ ಬೇಕಾಗುವ ಒತ್ತಡ ಹರಿವಿನ ವರ್ಗಕ್ಕೆ ಸರಿಸುಮಾರು ಅನುಪಾತದಲ್ಲಿ ಏರುವುದರಿಂದ, ಇಕ್ಕಟ್ಟಾದ ಕ್ಯಾಬಿನೆಟ್ಟಿನಲ್ಲಿ ಎರಡು ಫ್ಯಾನ್ ಒಂದರ ಎರಡರಷ್ಟು ಗಾಳಿ ಕೊಡುವುದಿಲ್ಲ. ಮೂರನೆಯ ಫ್ಯಾನ್ ಕೊಳ್ಳುವ ಮೊದಲು ಮುಂದಿನ ಪರದೆಯನ್ನು ತೊಳೆದು ಒಣಗಿಸಿ ನೋಡಿ ಎಂಬ ಬುದ್ಧಿಮಾತು ಪಟ್ಟಿಯ ಮೇಲ್ತುದಿಯಲ್ಲಿ ಇರಬೇಕಿತ್ತು.

ಇರುವ ಫ್ಯಾನನ್ನೇ ಜೋರಾಗಿ ತಿರುಗಿಸಿದರೆ? ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿ, ಆದರೆ ಅದು ಬಳಸುವ ವಿದ್ಯುತ್ತು ಎಂಟರಷ್ಟು. ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಅದೇ ಬಗೆಯ ಇನ್ನೊಂದು ಫ್ಯಾನನ್ನು ನಿಧಾನವಾಗಿ ತಿರುಗಿಸಿದರೆ ಸದ್ದು 3 ಡೆಸಿಬೆಲ್ ಮಾತ್ರ ಹೆಚ್ಚು. ಆದ್ದರಿಂದ ದೊಡ್ಡ ಫ್ಯಾನ್, ನಿಧಾನ ವೇಗ ಎಂಬ ಸಲಹೆ ಪಟ್ಟಿಯಲ್ಲಿದ್ದರೆ ಅದಕ್ಕೆ ಪೂರ್ಣ ಅಂಕ ಕೊಡಿ.

ಇನ್ನೊಂದು ಸಂಗತಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಸಾಂದ್ರತೆ ಮಂಗಳೂರಿನದಕ್ಕಿಂತ ಸುಮಾರು ಶೇಕಡ 10 ಕಡಿಮೆ. ಫ್ಯಾನ್ ಅಷ್ಟೇ ಗಾತ್ರದ ಗಾಳಿ ತಳ್ಳಿದರೂ ಉಷ್ಣ ಹೊರುವ ದ್ರವ್ಯರಾಶಿ ಕಡಿಮೆ. ಮಂಗಳೂರಿನ 10 ಡಿಗ್ರಿ ಬೆಂಗಳೂರಿನಲ್ಲಿ 11 ಆಗುತ್ತದೆ. ಬೆಂಗಳೂರಿನ ತಂಪು ಕೋಣೆ ಈ ನಷ್ಟವನ್ನು ತುಂಬಿಕೊಡುತ್ತದೆ, ಅದು ಬೇರೆ ಮಾತು.

ಬಿಸಿ ಗಾಳಿ ಮೇಲೇರುತ್ತದೆ, ಆದರೆ ಎಷ್ಟು ಬಲದಿಂದ?

ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಸಲಹೆ ಇದು. ಫ್ಯಾನನ್ನು ಮೇಲ್ಭಾಗದಲ್ಲೇ ಇಡಬೇಕು, ಇಲ್ಲದಿದ್ದರೆ ಅದು ಸ್ವಾಭಾವಿಕ ಸಂವಹನದ ವಿರುದ್ಧ ಹೋರಾಡುತ್ತದೆ ಎನ್ನುತ್ತಾರೆ. ನಾವು ಶಾಲೆಯಲ್ಲಿ ಕಲಿಸಿದ ಪಾಠವೇ ಇಲ್ಲಿ ನಮಗೆ ತಿರುಗಿ ಬಂದಿದೆ.

ಲೆಕ್ಕ ಮಾಡಿ. ಕ್ಯಾಬಿನೆಟ್ಟಿನ ಎತ್ತರ 45 ಸೆಂಟಿಮೀಟರ್, ಒಳಗಿನ ಗಾಳಿ 10 ಡಿಗ್ರಿ ಹೆಚ್ಚು ಬಿಸಿ. ನಿರಪೇಕ್ಷ ತಾಪ ಸುಮಾರು 305 ಕೆಲ್ವಿನ್ ಇರುವಾಗ ಸಾಂದ್ರತೆಯ ವ್ಯತ್ಯಾಸ ಮೂವತ್ತರಲ್ಲಿ ಒಂದು ಪಾಲು, ಅಂದರೆ ಘನ ಮೀಟರಿಗೆ ಸುಮಾರು 0.038 ಕಿಲೋಗ್ರಾಂ. ಅದನ್ನು 9.8ರಿಂದ, ಆಮೇಲೆ 0.45ರಿಂದ ಗುಣಿಸಿ. ಮೇಲಕ್ಕೆ ತಳ್ಳುವ ಒತ್ತಡ 0.17 ಪಾಸ್ಕಲ್. ಸಾಧಾರಣವಾದ 120 ಮಿಲಿಮೀಟರ್ ಫ್ಯಾನ್ ಕೊಡಬಲ್ಲ ಗರಿಷ್ಠ ಒತ್ತಡ 10ರಿಂದ 20 ಪಾಸ್ಕಲ್. ಆನೆಗೆ ಇರುವೆ ಎದುರು ನಿಂತಂತೆ! ಫ್ಯಾನ್ ತಿರುಗುತ್ತಿರುವಾಗ ಗಾಳಿ ಎತ್ತ ಹೋಗಬೇಕೆಂದು ಫ್ಯಾನೇ ನಿರ್ಧರಿಸುತ್ತದೆ.

ಮೇಲಿನ ಫ್ಯಾನ್ ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ಗ್ರಾಫಿಕ್ಸ್ ಕಾರ್ಡ್ ಹೊರಬಿಟ್ಟ ಬಿಸಿ ಗಾಳಿಯನ್ನೇ ಪ್ರೊಸೆಸರಿನ ಹೀಟ್ ಸಿಂಕ್ ಎಳೆದುಕೊಳ್ಳುತ್ತಿದ್ದರೆ ಅದು ಉಪಯೋಗಕ್ಕೆ ಬಂದೀತು. ಮುಂದಿನಿಂದ ಬಂದ ತಂಪು ಗಾಳಿಯನ್ನು ಹೀಟ್ ಸಿಂಕ್ ಮುಟ್ಟುವ ಮೊದಲೇ ಮೇಲೆ ಎಳೆದುಬಿಟ್ಟರೆ ಹಾನಿಯೂ ಆದೀತು. ಮುಖ್ಯವಾದದ್ದು ಗಾಳಿಯ ದಾರಿ. ಹೊರಗಿನ ತಂಪು ಗಾಳಿ ಬಿಸಿ ಭಾಗಗಳ ಮೇಲೆ ಹಾದು ನೇರವಾಗಿ ಹೊರಹೋಗಬೇಕು, ಒಳಗೇ ಸುತ್ತಬಾರದು. ಫ್ಯಾನೇ ಇಲ್ಲದ ಉಪಕರಣಗಳಲ್ಲಿ ಮಾತ್ರ ಆ 0.17 ಪಾಸ್ಕಲ್ಲೇ ಆಧಾರ. ಅವುಗಳ ಮೇಲಿನ ಕಿಂಡಿ ಮುಚ್ಚಬಾರದು ಎಂಬ ಎಚ್ಚರಿಕೆ ಪೂರ್ತಿ ಸರಿ. 'ಏರುತ್ತದೆ' ಎಂದು ಕಲಿಸಿದ ಮೇಲೆ 'ಎಷ್ಟು' ಎಂದೂ ಕೇಳಿಸುವುದು ನಮ್ಮ ಹೊಣೆ.

ಮುಚ್ಚಳ ತೆಗೆಯುವುದು: ಮದ್ದಲ್ಲ, ಪರೀಕ್ಷೆ

ಬದಿಯ ಮುಚ್ಚಳ ತೆಗೆದಿಟ್ಟು ವರ್ಷಗಟ್ಟಲೆ ಕಂಪ್ಯೂಟರ್ ಬಳಸುವವರಿದ್ದಾರೆ. ಇದರಿಂದ ಗಾಳಿಗೆ ಗೊತ್ತಾದ ದಾರಿ ಉಳಿಯುವುದಿಲ್ಲ. ಮುಂದಿನ ಫ್ಯಾನಿನ ಗಾಳಿ ಡಿಸ್ಕ್ ಮತ್ತು ಮದರ್‌ಬೋರ್ಡಿನ ವೋಲ್ಟೇಜ್ ನಿಯಂತ್ರಕ ಭಾಗಗಳನ್ನು ಮುಟ್ಟದೆ ಪಕ್ಕಕ್ಕೆ ಚೆದುರುತ್ತದೆ. ದೂಳು, ಜಿರಲೆ, ಹಲ್ಲಿಗಳಿಗೆ ಬಾಗಿಲು ತೆರೆದಂತಾಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಅಪಾಯ.

ಆದರೆ ಪರೀಕ್ಷೆಯಾಗಿ ಇದು ಬಹಳ ಒಳ್ಳೆಯದು, ಖರ್ಚೂ ಇಲ್ಲ. ಕಂಪ್ಯೂಟರಿಗೆ ಒಂದೇ ಸಮನಾದ ಕೆಲಸ ಕೊಟ್ಟು 20 ನಿಮಿಷ ಬಿಡಿ, ತಾಪ ಬರೆದುಕೊಳ್ಳಿ. ಮುಚ್ಚಳ ತೆಗೆದು ಮತ್ತೆ 20 ನಿಮಿಷ ಬಿಟ್ಟು ಬರೆದುಕೊಳ್ಳಿ. ವ್ಯತ್ಯಾಸ 2 ಡಿಗ್ರಿ ಮಾತ್ರವೇ? ಹಾಗಾದರೆ ತಪ್ಪು ಕ್ಯಾಬಿನೆಟ್ಟಿನ ಗಾಳಿಯದಲ್ಲ; ಹೊಸ ಫ್ಯಾನಿಗೆ ಹಣ ಹಾಕಬೇಡಿ, ಹೀಟ್ ಸಿಂಕ್ ಕಡೆ ನೋಡಿ. ವ್ಯತ್ಯಾಸ 8-10 ಡಿಗ್ರಿಯೇ? ಗಾಳಿಯ ಹರಿವನ್ನು ಸರಿಪಡಿಸಿ, ಮುಚ್ಚಳ ಮತ್ತೆ ಹಾಕಿ. ನಮ್ಮ ವಿದ್ಯಾರ್ಥಿ ಇದನ್ನು ಮೊದಲೇ ಮಾಡಿದ್ದರೆ ಮೂರು ಫ್ಯಾನಿನ ಹಣ ಉಳಿಯುತ್ತಿತ್ತು.

ಪೇಸ್ಟ್ ಮತ್ತು ದೂಳು

ಪೇಸ್ಟ್ ಕುರಿತ ಸಲಹೆಯಲ್ಲಿ ಅರ್ಧ ಸತ್ಯವಿದೆ. ಚಿಪ್ಪಿನ ಮುಚ್ಚಳ ಮತ್ತು ಹೀಟ್ ಸಿಂಕ್ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮ ತಗ್ಗುಗಳಿರುತ್ತವೆ. ಅಲ್ಲಿ ಗಾಳಿ ಕೂರುತ್ತದೆ. ಗಾಳಿಯ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ 0.026 ವಾಟ್, ತಾಮ್ರದ್ದು ಸುಮಾರು 400. 9 ಚದರ ಸೆಂಟಿಮೀಟರ್ ಸಂಪರ್ಕದಲ್ಲಿ ಬರೀ 0.02 ಮಿಲಿಮೀಟರ್ ದಪ್ಪದ ಗಾಳಿಯ ಪದರ ಪೂರ್ತಿ ಹರಡಿದ್ದರೆ, 145 ವಾಟ್‌ಗೆ 120 ಡಿಗ್ರಿಗೂ ಹೆಚ್ಚು ತಾಪಾಂತರ! ವಾಹಕತೆ 4 ಇರುವ ಸಾಧಾರಣ ಪೇಸ್ಟ್ 0.05 ಮಿಲಿಮೀಟರ್ ದಪ್ಪಕ್ಕೆ ಹರಡಿದರೆ ಅದು 2 ಡಿಗ್ರಿಗೆ ಇಳಿಯುತ್ತದೆ. ವಾಹಕತೆ 8 ಇರುವ ದುಬಾರಿ ಪೇಸ್ಟ್ ಹಚ್ಚಿದರೆ 1 ಡಿಗ್ರಿ. ಉಳಿದದ್ದು ಒಂದೇ ಡಿಗ್ರಿ. ಅದೇ ಸಾಧಾರಣ ಪೇಸ್ಟನ್ನು ಬೆಣ್ಣೆ ಬಳಿದಂತೆ 0.2 ಮಿಲಿಮೀಟರ್ ದಪ್ಪ ಬಳಿದರೆ 8 ಡಿಗ್ರಿ. ಹೀಗಾಗಿ ಪೇಸ್ಟ್ ಇರಲೇಬೇಕು, ತೆಳುವಾಗಿರಬೇಕು, ವರ್ಷಗಳ ಮೇಲೆ ಒಣಗಿದ್ದರೆ ಬದಲಿಸಬೇಕು. ಪೇಸ್ಟ್‌ನ ಬೆಲೆಗಿಂತ ಹಚ್ಚುವ ಕೈ ಮುಖ್ಯ.

ದೂಳಿನ ವಿಷಯವನ್ನು ಸಲಹೆಗಾರರು ಸಾಮಾನ್ಯವಾಗಿ ಕೊನೆಯ ಸಾಲಿಗೆ ತಳ್ಳುತ್ತಾರೆ. ನಮ್ಮ ಊರುಗಳಲ್ಲಿ ಅದು ಮೊದಲ ಸಾಲಿಗೆ ಬರಬೇಕು. ಹೀಟ್ ಸಿಂಕಿನ ರೆಕ್ಕೆಗಳ ನಡುವೆ ದೂಳು ಕಂಬಳಿಯಂತೆ ಕಟ್ಟಿಕೊಂಡರೆ ಸರಣಿಯ ಅತಿ ದೊಡ್ಡ ರೋಧವೇ ಮತ್ತಷ್ಟು ದೊಡ್ಡದಾಗುತ್ತದೆ. ವಿದ್ಯುತ್ ಸಂಪರ್ಕ ಪೂರ್ತಿ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆಯ ಕುಂಚದಿಂದ ತೆಗೆಯಿರಿ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಅದರೊಳಗಿನ ಧಾರಕಗಳು ಪ್ಲಗ್ ತೆಗೆದ ಮೇಲೂ ಅಪಾಯಕರ ವಿದ್ಯುದಂಶವನ್ನು ಹಿಡಿದಿಟ್ಟುಕೊಂಡಿರಬಹುದು.

ಹೊಸ ಚಿಪ್‌ಗಳ ಮುಂದೆ ಹಳೆಯ ಪಟ್ಟಿ

ಈ ಪಟ್ಟಿ ಹುಟ್ಟಿದ ಕಾಲದ ಪ್ರೊಸೆಸರ್‌ಗಳು ಈಗಿಲ್ಲ ಎಂಬುದನ್ನೂ ಹೇಳಬೇಕು. 2004ರಲ್ಲಿ ಬಂದ ಪೆಂಟಿಯಂ 4ರ ಪ್ರೆಸ್ಕಾಟ್ ಮಾದರಿ 100 ವಾಟ್ ದಾಟಿತು; ಅದೇ ವರ್ಷ ಇಂಟೆಲ್ ತನ್ನ ಮುಂದಿನ ಟೆಜಾಸ್ ಯೋಜನೆಯನ್ನು ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಹಲವು ತಿರುಳುಗಳನ್ನಿಡುವ ದಾರಿಗೆ ಹೊರಳಿತು. ಆವೃತ್ತಿಯ ಓಟಕ್ಕೆ ಉಷ್ಣವೇ ಗೋಡೆಯಾಯಿತು. 2008ರಿಂದ ಇಂಟೆಲ್‌ನ ಪ್ರೊಸೆಸರ್‌ಗಳಲ್ಲಿ, 2010ರಿಂದ ಎಎಂಡಿಯವುಗಳಲ್ಲಿ, ತಾಪ ಮತ್ತು ವಿದ್ಯುತ್ತಿನ ಮಿತಿ ನೋಡಿಕೊಂಡು ಚಿಪ್ ತಾನಾಗಿಯೇ ವೇಗ ಏರಿಸಿಕೊಳ್ಳುವ ಏರ್ಪಾಡು ಬಂತು. 2022ರ ರೈಜನ್ 7000 ಸರಣಿಯ ಹಲವು ಚಿಪ್‌ಗಳನ್ನು ಪೂರ್ತಿ ಕೆಲಸ ಬಿದ್ದಾಗ 95 ಡಿಗ್ರಿಯವರೆಗೂ ಹೋಗಿ ಅಲ್ಲೇ ನಿಲ್ಲುವಂತೆ ರೂಪಿಸಲಾಗಿದೆ.

ಇದರ ಪರಿಣಾಮ ವಿಚಿತ್ರ. ಇಂಥ ಚಿಪ್ಪಿಗೆ ಒಳ್ಳೆಯ ಹೀಟ್ ಸಿಂಕ್ ಹಾಕಿದರೆ ತಾಪ ಒಂದು ಡಿಗ್ರಿಯೂ ಇಳಿಯದಿರಬಹುದು. ಸಿಕ್ಕ ಅವಕಾಶವನ್ನೆಲ್ಲ ಚಿಪ್ ವೇಗಕ್ಕೆ ಬಳಸಿಕೊಂಡಿರುತ್ತದೆ. 'ಎಷ್ಟು ಡಿಗ್ರಿ ಇಳಿಯಿತು' ಎಂದು ಮಾತ್ರ ನೋಡುವವನು ಒಳ್ಳೆಯ ಹೀಟ್ ಸಿಂಕನ್ನು ಕೆಟ್ಟದ್ದೆಂದು ಎಸೆದಾನು.

ಇನ್ನೊಂದು ಪಾಠ 2024ರದು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರವಾಗುತ್ತಿರುವುದಕ್ಕೆ ಅತಿಯಾದ ವೋಲ್ಟೇಜ್ ಕಾರಣವೆಂದು ಸಂಸ್ಥೆಯೇ ಹೇಳಿತು. ಮೈಕ್ರೋಕೋಡ್ ಬದಲಿಸಿ ಅದನ್ನು ತಡೆಯಿತು. ಆಗಲೇ ಕೆಟ್ಟಿದ್ದ ಚಿಪ್‌ಗಳನ್ನು ಆ ತಿದ್ದುಪಡಿ ಸರಿಮಾಡಲಾರದಾಗಿತ್ತು. ಓವರ್‌ಕ್ಲಾಕ್ ಮಾಡುವವರು ವೋಲ್ಟೇಜನ್ನು ತಾವೇ ಏರಿಸುತ್ತಾರೆ. ತಾಪ ಹತೋಟಿಯಲ್ಲಿದೆ, ಫ್ಯಾನ್ ಚೆನ್ನಾಗಿದೆ ಎಂಬ ಧೈರ್ಯ ಇಲ್ಲಿ ಸಾಲದು. ಫ್ಯಾನ್ ಉಷ್ಣವನ್ನು ಒಯ್ಯಬಲ್ಲದು, ವೋಲ್ಟೇಜನ್ನಲ್ಲ.

ತರಗತಿಗೆ ಒಂದು ಪ್ರಯೋಗ

ಇಷ್ಟೆಲ್ಲ ಹೇಳಿದ್ದು ಹವ್ಯಾಸವನ್ನು ಹಳಿಯುವುದಕ್ಕಲ್ಲ. ಉಷ್ಣದ ವಹನ, ಸಂವಹನ, ವಿಶಿಷ್ಟೋಷ್ಣ, ದ್ರವಗತಿ ಎಲ್ಲವೂ ಸೇರಿರುವ ಇಂಥ ಪ್ರಯೋಗಾಲಯ ಮನೆಯಲ್ಲೇ ಇರುವಾಗ ಬಳಸದಿರುವುದು ನಷ್ಟ. ಮಾಡುವ ವಿಧಾನ ಮಾತ್ರ ಸರಿಯಿರಲಿ.

ಪುಸ್ತಕದಲ್ಲಿ ಐದು ಅಂಕಣ ಎಳೆಯಿರಿ: ಕೋಣೆಯ ತಾಪ, ಚಿಪ್ಪಿನ ತಾಪ, ಚಿಪ್ಪಿನ ಆವೃತ್ತಿ, ಬಳಸುತ್ತಿರುವ ವಾಟ್, ಫ್ಯಾನಿನ ವೇಗ. ಕೋಣೆಯ ತಾಪಮಾಪಕವನ್ನು ಗಾಳಿ ಒಳಹೋಗುವ ಮುಂಭಾಗದ ಬಳಿ ಇಡಿ, ಹೊರಬರುವ ಹಿಂಭಾಗದಲ್ಲಲ್ಲ. ವಾಟ್ ಅಳೆಯಲು ಬೇರೆ ಉಪಕರಣ ಇಲ್ಲದಿದ್ದರೆ ಮನೆಯ ವಿದ್ಯುತ್ ಮೀಟರ್ ಸಾಕು. ಇಲೆಕ್ಟ್ರಾನಿಕ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪವಿದೆ; ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಮೇಲೇ ಬರೆದಿರುತ್ತದೆ. 3200 ಎಂದಿದ್ದರೆ, 300 ವಾಟ್‌ಗೆ ನಿಮಿಷಕ್ಕೆ 16 ಮಿನುಗು. ಫ್ರಿಜ್ಜು, ದೀಪ, ಫ್ಯಾನುಗಳನ್ನು ಆರಿಸಿ ಎಣಿಸಿ. ಗೋಡೆಯಿಂದ ಎಳೆದ ಈ ವಿದ್ಯುತ್ತೆಲ್ಲ ಕೊನೆಗೆ ಕೋಣೆಯಲ್ಲಿ ಉಷ್ಣವಾಗಿಯೇ ಸೇರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಪ್ರಯೋಗ ಮುಂದುವರಿದಂತೆ ಕೋಣೆಯ ತಾಪವೇ ಏರುವುದನ್ನು ನೀವು ಕಾಣುವಿರಿ. ಪ್ರತಿ ಸಾಲಿನಲ್ಲೂ ಅದನ್ನು ಹೊಸದಾಗಿ ಬರೆಯಬೇಕೆನ್ನುವುದು ಇದಕ್ಕೇ.

ಬದಲಾವಣೆಗೆ ಮೊದಲು ಒಂದು ಸಲ, ಅನಂತರ ಒಂದು ಸಲ, ಬದಲಾವಣೆಯನ್ನು ತೆಗೆದುಹಾಕಿ ಮೂರನೆಯ ಸಲ ಅಳೆಯಿರಿ. ಮೂರನೆಯದು ಮೊದಲಿನದರೊಂದಿಗೆ ಹೊಂದದಿದ್ದರೆ ನಡುವೆ ಬೇರೇನೋ ಬದಲಾಗಿದೆ ಎಂದರ್ಥ. ಕೊನೆಯಲ್ಲಿ ಚಿಪ್ಪಿನ ತಾಪದಿಂದ ಕೋಣೆಯ ತಾಪ ಕಳೆದು, ವಾಟ್‌ನಿಂದ ಭಾಗಿಸಿ. ಒಂದೇ ಕಂಪ್ಯೂಟರಿಗೆ ಒಂದೇ ಬಗೆಯ ಕೆಲಸ ಕೊಟ್ಟಾಗ ಹೋಲಿಸಬೇಕಾದ ಸಂಖ್ಯೆ ಇದು. ಹಲವು ಚಿಪ್‌ಗಳ ಸಂವೇದಕಗಳು ಪೂರ್ಣ ಡಿಗ್ರಿಗಳಲ್ಲಿ ಮಾತ್ರ ಓದುತ್ತವೆ. ಒಂದೆರಡು ಡಿಗ್ರಿ ವ್ಯತ್ಯಾಸಕ್ಕೆ ಹಿಗ್ಗುವ ಮೊದಲು ಇದು ನೆನಪಿರಲಿ.

ಬಹುಮಾನ ಪಡೆದ ಆ ವಿದ್ಯಾರ್ಥಿ ತನ್ನ ನಕ್ಷೆಯನ್ನು ತಾನೇ ಹರಿದು ಹೊಸದನ್ನು ಬರೆದ. ಅದರಲ್ಲಿ 10 ಡಿಗ್ರಿ ಇರಲಿಲ್ಲ, 2 ಡಿಗ್ರಿ ಇತ್ತು. ಕೋಣೆಯ ತಾಪದ ಅಂಕಣವೂ ಇತ್ತು. ಇಂದಿಗೂ ನಮ್ಮ ಪ್ರಯೋಗಾಲಯದ ಗೋಡೆಯ ಮೇಲಿರುವುದು ಆ ಎರಡನೆಯ ನಕ್ಷೆ. ಮುಂದಿನ ಸಲ ನಿಮ್ಮ ವಿದ್ಯಾರ್ಥಿ ಹತ್ತು ಡಿಗ್ರಿ ಇಳಿಯಿತೆಂದು ಓಡಿ ಬಂದಾಗ ಬೆನ್ನು ತಟ್ಟಿ. ಜೊತೆಗೆ ನಾನು ಕೇಳಲು ಮರೆತ ಪ್ರಶ್ನೆಯನ್ನು ನೀವು ಕೇಳಿ: ಕೋಣೆಯ ತಾಪ ಎಷ್ಟಿತ್ತು?